ಕೊಟ್ಟಿಗೆಯ ಹಿಂದಿನ ರೊಬಸ್ಟಾ ಗಿಡ: ಆಯ್ಕೆಯು ಕಾಫಿಯ ವಂಶವಾಹಿಗಳನ್ನು ರೂಪಿಸಿದ ಬಗೆ

ಕೊಡಗಿನ ಸಿದ್ದಾಪುರದಿಂದ ಸ್ವಲ್ಪ ಒಳಗಿರುವ ನಮ್ಮ ತೋಟದಲ್ಲಿ, ದನದ ಕೊಟ್ಟಿಗೆಯ ಹಿಂಭಾಗಕ್ಕೆ ಒಂದು ಹಳೆಯ ರೊಬಸ್ಟಾ ಗಿಡವಿದೆ. ಜನವರಿಯ ಕೊನೆಯಲ್ಲಿ ಹಣ್ಣು ಕೊಯ್ಯಲು ಇಳಿದರೆ ಅದರ ಗೆಣ್ಣುಗೆಣ್ಣಿಗೂ ಕೈತುಂಬ ಗೊಂಚಲು, ರೆಕ್ಕೆಗಳು (ಅಡ್ಡಕೊಂಬೆಗಳು) ನೆಲ ಮುಟ್ಟುವಷ್ಟು ಭಾರ. ನನ್ನ ತಂದೆಯವರು ಒಂದು ವರ್ಷ ಆ ಗಿಡವನ್ನು ಬೀಜಕ್ಕೆಂದೇ ಬಿಟ್ಟರು. ಚೆನ್ನಾಗಿ ಕೆಂಪಾದ ಹಣ್ಣನ್ನು ಆರಿಸಿ, ಕೈಯಲ್ಲೇ ಹಿಸುಕಿ ಬೀಜ ಬಿಡಿಸಿ, ಜರಡಿ ಹಿಡಿದ ಒಲೆಯ ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ, ಮಡಿಯಲ್ಲಿ ಬಿತ್ತಿ, ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತ ಟೋಪಿ ಹಂತಕ್ಕೆ ಬಂದ ಸಸಿಗಳನ್ನು ಬುಟ್ಟಿಗೆ ಬದಲಿಸಿ, ಮುಂದಿನ ಮಳೆಗಾಲದಲ್ಲಿ ಒಂದು ಪಟ್ಟಿಯ ತುಂಬ ನೆಟ್ಟರು. ಆರನೆಯ ವರ್ಷ ಫಸಲು ನಿಂತಾಗ ಆ ಪಟ್ಟಿಯಲ್ಲಿ ತಾಯಿಗಿಡವನ್ನು ಹೋಲುವ ಒಂದು ಗಿಡವೂ ಸಿಗಲಿಲ್ಲ. ಕೆಲವು ಎತ್ತರಕ್ಕೆ ಹೋಗಿ ಬರೀ ಎಲೆ ಬಿಟ್ಟವು, ಕೆಲವು ಸಣ್ಣ ಕಾಳಿನ ದಟ್ಟ ಗೊಂಚಲು ಹಿಡಿದವು, ಮತ್ತೆ ಕೆಲವದರಲ್ಲಿ ಕಾಳು ದಪ್ಪವಿದ್ದರೂ ಗೊಂಚಲಿಗೆ ಐದಾರೇ ಹಣ್ಣು. ಇಡೀ ಪಟ್ಟಿಯ ಸರಾಸರಿ ಇಳುವರಿ ಹಳೆಯ ತೋಟದ ಸರಾಸರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ.

ತಂದೆಯವರು ಮಾಡಿದ್ದು ಮನುಷ್ಯ ಬೇಸಾಯ ಆರಂಭಿಸಿದಂದಿನಿಂದ ಮಾಡುತ್ತ ಬಂದ ಕೆಲಸ: ಚೆನ್ನಾಗಿರುವುದನ್ನು ಆರಿಸಿ ಅದರ ಬೀಜವನ್ನು ಮುಂದಕ್ಕೆ ಒಯ್ಯುವುದು. ಈ ಕೆಲಸ ಒಂದು ಕಡೆ ಸೋತು ಇನ್ನೊಂದು ಕಡೆ ಗೆಲ್ಲುವುದೇಕೆ ಎಂಬುದನ್ನು ತಿಳಿಯಬೇಕಾದರೆ ಒಂದು ವಿಷಯವನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಆಯ್ಕೆಯು ಹೊಸ ವಂಶವಾಹಿಯನ್ನು ಹುಟ್ಟಿಸುವುದಿಲ್ಲ. ಗಿಡಗಳ ಗುಂಪಿನಲ್ಲಿ ಆಗಲೇ ಇರುವ ವಂಶವಾಹಿಗಳ ಬೇರೆ ಬೇರೆ ರೂಪಗಳಲ್ಲಿ ಯಾವುದು ಮುಂದಿನ ಪೀಳಿಗೆಗೆ ಎಷ್ಟು ಪ್ರಮಾಣದಲ್ಲಿ ಹೋಗಬೇಕು ಎಂಬುದನ್ನಷ್ಟೇ ಅದು ಬದಲಿಸುತ್ತದೆ. ಗುಂಪಿನಲ್ಲಿ ಇಲ್ಲದ ಗುಣವನ್ನು ಎಷ್ಟು ಪೀಳಿಗೆ ಆರಿಸಿದರೂ ಪಡೆಯಲಾಗದು. ಕೊಡಗಿನ ಕಾಫಿಯ ನೂರೈವತ್ತು ವರ್ಷಗಳ ಕಥೆಯನ್ನು ಈ ಒಂದು ಮಾತಿನ ಬೆಳಕಿನಲ್ಲಿ ಓದಿದರೆ, ನಮ್ಮ ತೋಟಗಳಲ್ಲಿ ತಳಿಗಳು ಯಾಕೆ ಬಂದವು, ಯಾಕೆ ಹೋದವು ಎಂಬುದು ಬಹುಮಟ್ಟಿಗೆ ಅರ್ಥವಾಗುತ್ತದೆ.

ಕೊಟ್ಟಿಗೆಯ ಗಿಡದ ವಿಚಾರಕ್ಕೇ ಬರೋಣ. ಅದು ಹೆಚ್ಚು ಹಣ್ಣು ಹಿಡಿಯುವುದಕ್ಕೆ ಅದರ ವಂಶವಾಹಿಗಳು ಎಷ್ಟು ಕಾರಣವೋ, ಕೊಟ್ಟಿಗೆಯಿಂದ ವರ್ಷವಿಡೀ ಬೇರಿಗೆ ಇಳಿಯುವ ಗಂಜಲ ಮತ್ತು ಸಗಣಿಯ ನೀರು ಅದಕ್ಕಿಂತ ಹೆಚ್ಚು ಕಾರಣ. ನಮ್ಮ ಕಣ್ಣಿಗೆ ಕಾಣುವುದು ಇವೆರಡೂ ಸೇರಿ ಆದ ಗಿಡ, ಬೀಜದಲ್ಲಿ ಹೋಗುವುದು ವಂಶವಾಹಿ ಮಾತ್ರ. ತಳಿ ಅಭಿವೃದ್ಧಿ ಮಾಡುವವರು ಇದನ್ನು ಲೆಕ್ಕಕ್ಕೆ ಇಳಿಸುತ್ತಾರೆ. ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು: ತೋಟದ ಸರಾಸರಿ ಗಿಡಕ್ಕೆ 2 ಕೆಜಿ ಹಣ್ಣು, ಬೀಜಕ್ಕೆ ಆರಿಸಿದ ಗಿಡಗಳ ಸರಾಸರಿ 4 ಕೆಜಿ, ಅವುಗಳ ಮಕ್ಕಳ ಸರಾಸರಿ 2.4 ಕೆಜಿ ಎಂದಿಟ್ಟುಕೊಳ್ಳಿ. ನಾವು ಆರಿಸಿದ ಮೇಲುಗೈ 2 ಕೆಜಿ, ಮಕ್ಕಳಿಗೆ ದಾಟಿದ್ದು 0.4 ಕೆಜಿ, ಅಂದರೆ ಐದರಲ್ಲಿ ಒಂದು ಪಾಲು. ಈ ಪಾಲನ್ನೇ ಆನುವಂಶಿಕತೆಯ ಪ್ರಮಾಣ ಎನ್ನುವುದು. ಕಾಳಿನ ಗಾತ್ರ, ಗಿಡದ ಎತ್ತರದಂತಹ ಗುಣಗಳಲ್ಲಿ ಈ ಪಾಲು ದೊಡ್ಡದಿರುತ್ತದೆ, ಹಾಗಾಗಿ ಕಣ್ಣಿಂದ ನೋಡಿ ಆರಿಸಿದರೂ ಫಲ ಸಿಗುತ್ತದೆ. ಇಳುವರಿಯಲ್ಲಿ ಅದು ಚಿಕ್ಕದು. ಕಾಫಿಯ ಮಟ್ಟಿಗೆ ಇನ್ನೊಂದು ತೊಡಕೂ ಇದೆ: ಒಂದು ವರ್ಷ ಭಾರಿ ಫಸಲು ಹೊತ್ತ ಗಿಡ ಮರುವರ್ಷ ಸುಸ್ತಾಗಿ ನಿಲ್ಲುತ್ತದೆ. ಆದ್ದರಿಂದ ಒಂದೇ ಕೊಯ್ಲು ನೋಡಿ ಗಿಡ ಆರಿಸಿದವನು ಆರಿಸಿದ್ದು ಆ ಗಿಡದ ಸರದಿಯ ವರ್ಷವನ್ನೇ ಹೊರತು ಗಿಡವನ್ನಲ್ಲ. ಸಂಶೋಧನಾ ಕೇಂದ್ರಗಳಲ್ಲಿ ಪ್ರತಿ ಗಿಡದ ಹಣ್ಣನ್ನು ಹಲವು ವರ್ಷ ಬೇರೆಬೇರೆಯಾಗಿ ತೂಗುವುದು, ಒಂದೇ ವಂಶದ ಗಿಡಗಳನ್ನು ತೋಟದ ಹಲವು ಮೂಲೆಗಳಲ್ಲಿ ಚದುರಿಸಿ ನೆಡುವುದು ಈ ಕಾರಣಕ್ಕೆ.

ತಂದೆಯವರ ಪಟ್ಟಿ ಚೆಲ್ಲಾಪಿಲ್ಲಿಯಾದುದಕ್ಕೆ ಎರಡನೆಯ ಕಾರಣ ಹೂವಿನಲ್ಲಿದೆ. ಫೆಬ್ರವರಿ ಅಥವಾ ಮಾರ್ಚಿನಲ್ಲಿ ಹೂಮಳೆ ಬಿದ್ದು ಒಂದು ವಾರ ಕಳೆದರೆ ತೋಟವೆಲ್ಲ ಒಮ್ಮೆಗೇ ಬೆಳ್ಳಗಾಗುತ್ತದೆ. ಆ ಎರಡು ಮೂರು ದಿನಗಳಲ್ಲಿ ಗಾಳಿಯೂ ಹೆಜ್ಜೇನು, ತುಡುವೆ ಜೇನುಗಳೂ ಪರಾಗವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ರೊಬಸ್ಟಾ ಹೂವು ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಪ್ರತಿ ಗಿಡದಲ್ಲೂ ಗುರುತಿನ ಒಂದು ವಂಶವಾಹಿಯ ಎರಡು ರೂಪಗಳಿರುತ್ತವೆ, ಪರಾಗದ ಕಣದಲ್ಲಿ ಅವುಗಳಲ್ಲಿ ಒಂದು ಮಾತ್ರ ಇರುತ್ತದೆ. ಕಣದಲ್ಲಿರುವ ರೂಪ ಹೂವಿನ ಎರಡು ರೂಪಗಳಲ್ಲಿ ಯಾವುದಾದರೊಂದಕ್ಕೆ ಹೊಂದಿದರೂ ಪರಾಗನಾಳದ ಬೆಳವಣಿಗೆ ಅಲ್ಲೇ ನಿಂತುಹೋಗುತ್ತದೆ. ತನ್ನ ಪರಾಗ ಯಾವಾಗಲೂ ಹೊಂದಿಯೇ ಹೊಂದುತ್ತದೆ, ಆದ್ದರಿಂದ ಪ್ರತಿ ಹಣ್ಣಿಗೂ ತಂದೆ ಬೇರೊಂದು ಗಿಡವೇ ಆಗಿರಬೇಕು. ಕೊಟ್ಟಿಗೆಯ ಗಿಡದ ಬೀಜಗಳಿಗೆ ತಾಯಿ ಒಬ್ಬಳೇ ಆದರೂ ತಂದೆಗಳು ಹತ್ತಾರು, ಅವರಲ್ಲಿ ಬಡಕಲು ಗಿಡಗಳೂ ಇದ್ದವು. ಒಂದೇ ಗಿಡದಿಂದ ಕಡ್ಡಿ ತೆಗೆದು ಬೆಳೆಸಿದ ತೋಟವೆಲ್ಲ ಹೂಬಿಟ್ಟೂ ಕಾಯಿ ಕಟ್ಟದೆ ನಿಲ್ಲುವುದೂ ಈ ಕಾರಣಕ್ಕೇ. ಕಸಿಯಿಂದ ರೊಬಸ್ಟಾ ಬೆಳೆಸುವವರು ಮೂರು ನಾಲ್ಕು ಬೇರೆ ಮೂಲದ ಕಡ್ಡಿಗಳನ್ನು ಬೆರೆಸಿ ನೆಡಲೇಬೇಕು.

ಹೀಗೆ ಸದಾ ಬೆರೆಯುತ್ತಲೇ ಇರುವ ಗುಂಪಿನಲ್ಲಿ ಆಯ್ಕೆ ನಿಧಾನವಾಗಿ ಕೆಲಸ ಮಾಡುತ್ತದೆ. ಯಾವ ಗಿಡವೂ ಶುದ್ಧವಾಗುವುದಿಲ್ಲ. ಒಳ್ಳೆಯ ರೂಪಗಳ ಪ್ರಮಾಣ ಪೀಳಿಗೆಯಿಂದ ಪೀಳಿಗೆಗೆ ಸ್ವಲ್ಪ ಸ್ವಲ್ಪ ಏರುತ್ತದೆ, ಅಷ್ಟೆ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ರೊಬಸ್ಟಾ ತಳಿ ಎಸ್.274 ಇಂತಹ ಆಯ್ಕೆಯ ಫಲ. ಅದರ ಮೇಲೆ ಇನ್ನೊಂದು ಹೆಜ್ಜೆಯಾಗಿ ಬಂದದ್ದು ಸಿ×ಆರ್. ಕಾಂಗೋ ನದಿಯ ದಂಡೆಗಳಲ್ಲಿ ಕಾಡುಗಿಡವಾಗಿ ಬೆಳೆಯುವ ಕಾಂಜೆನ್ಸಿಸ್ ಎಂಬ ಪ್ರಭೇದವನ್ನು ರೊಬಸ್ಟಾದ ಜೊತೆ ಸಂಕರಗೊಳಿಸಿ, ಬಂದ ಸಂಕರವನ್ನು ಮತ್ತೆ ರೊಬಸ್ಟಾಕ್ಕೆ ಕೂಡಿಸಿ ಈ ತಳಿಯನ್ನು ಮಾಡಿದ್ದಾರೆ. ಎರಡು ಪ್ರಭೇದಗಳಲ್ಲೂ ವಂಶವಾಹಿಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳು 22ೇ ಇರುವುದರಿಂದ ಸಂಕರದಲ್ಲಿ ಜೋಡಣೆಗೆ ಅಡ್ಡಿಯಾಗಲಿಲ್ಲ. ಗಿಡ ಗಿಡ್ಡವಾಗಿ ಅಚ್ಚುಕಟ್ಟಾಯಿತು, ಕಾಳು ದಪ್ಪವಾಯಿತು, ಕಾಫಿಯ ಒರಟು ರುಚಿ ಮೃದುವಾಯಿತು. ಈ ಗುಣಗಳು ರೊಬಸ್ಟಾದ ಗುಂಪಿನೊಳಗೆ ಹುಡುಕಿ ಸಿಗುವಂಥವಾಗಿರಲಿಲ್ಲ, ಹೊರಗಿನಿಂದ ತರಬೇಕಾಯಿತು.

ಅರೇಬಿಕಾದ ಹುಟ್ಟೇ ಬೇರೆ. ಮಾದಾಪುರ, ಸೋಮವಾರಪೇಟೆಯ ಕಡೆ ಎತ್ತರದ ತೋಟಗಳಲ್ಲಿ ಈಗಲೂ ಇರುವ ಈ ಗಿಡದಲ್ಲಿ 44 ವರ್ಣತಂತುಗಳಿವೆ. ಕಾಫಿ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿದ್ದರೂ ಹೀಗೆ ಇಮ್ಮಡಿ ವರ್ಣತಂತುಗಳನ್ನು ಹೊತ್ತದ್ದು ಇದೊಂದೇ. ರೊಬಸ್ಟಾದ ಪ್ರಭೇದವಾದ ಕ್ಯಾನೆಫೋರಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಮತ್ತೊಂದು ಆಫ್ರಿಕನ್ ಪ್ರಭೇದ ಕಾಡಿನಲ್ಲಿ ಕೂಡಿದಾಗ, ಎರಡರ 22 ವರ್ಣತಂತುಗಳೂ ಪೂರ್ತಿಯಾಗಿ ಒಂದೇ ಗಿಡದಲ್ಲಿ ಉಳಿದುಕೊಂಡವು. 2024ರಲ್ಲಿ ಪ್ರಕಟವಾದ ಅರೇಬಿಕಾದ ಪೂರ್ಣ ವಂಶವಾಹಿ ಅಧ್ಯಯನವು ಈ ಕೂಡಿಕೆ ಸುಮಾರು 6,10,000ದಿಂದ 3,50,000 ವರ್ಷಗಳ ಹಿಂದೆ ನಡೆದಿರಬೇಕೆಂದು ಅಂದಾಜು ಮಾಡಿದೆ. ಹಾಗಾಗಿ ನಮ್ಮ ತೋಟದಲ್ಲಿ ಅಕ್ಕಪಕ್ಕ ನಿಂತಿರುವ ರೊಬಸ್ಟಾ ಮತ್ತು ಅರೇಬಿಕಾ ಅಣ್ಣತಮ್ಮಂದಿರಲ್ಲ. ರೊಬಸ್ಟಾದ ಪೂರ್ವಜರು ಅರೇಬಿಕಾಕ್ಕೆ ಹೆತ್ತವರಲ್ಲೊಬ್ಬರು.

ಈ ಹುಟ್ಟಿನ ಜೊತೆಗೇ ಅರೇಬಿಕಾಕ್ಕೆ ಎರಡು ಸ್ವಭಾವಗಳು ಬಂದವು. ಮೊದಲನೆಯದು, ಅದರ ಹೂವು ತನ್ನ ಪರಾಗವನ್ನೇ ಒಪ್ಪುತ್ತದೆ. ಹತ್ತು ಹಣ್ಣುಗಳಲ್ಲಿ ಒಂಬತ್ತು ಸ್ವಂತ ಪರಾಗದಿಂದಲೇ ಕಟ್ಟಿದವು. ಸ್ವಕೀಯ ಪರಾಗಸ್ಪರ್ಶ ನಡೆದಂತೆಲ್ಲ, ಎರಡು ಬೇರೆ ರೂಪಗಳಿರುವ ವಂಶವಾಹಿಗಳ ಪಾಲು ಪ್ರತಿ ಪೀಳಿಗೆಗೆ ಅರ್ಧಕ್ಕಿಳಿಯುತ್ತದೆ. ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯಲ್ಲಿ ವ್ಯತ್ಯಾಸವಿರುವ ವಂಶವಾಹಿಗಳೆಲ್ಲವೂ ಮಿಶ್ರವಾಗಿರುತ್ತವೆ, ಎರಡನೆಯದರಲ್ಲಿ ನೂರಕ್ಕೆ 50, ಮೂರನೆಯದರಲ್ಲಿ 25, ಆರನೆಯದರ ಹೊತ್ತಿಗೆ ಸುಮಾರು 3. ಆಮೇಲೆ ಆ ಗಿಡದ ಬೀಜ ಬಿತ್ತಿದರೆ ತಾಯಿಯಂತಹ ಮಗುವೇ ಬರುತ್ತದೆ. ತಂದೆಯವರು ರೊಬಸ್ಟಾದಲ್ಲಿ ಮಾಡಿದ್ದನ್ನೇ ಒಂದು ನೆಲೆಗೊಂಡ ಅರೇಬಿಕಾ ತಳಿಯಲ್ಲಿ ಮಾಡಿದ್ದರೆ ಪಟ್ಟಿಯ ಗಿಡಗಳೆಲ್ಲ ಒಂದೇ ಸಮ ಇರುತ್ತಿದ್ದವು. ಆದರೆ ಒಂದು ಪೀಳಿಗೆ ಎಂದರೆ ಭತ್ತದಲ್ಲಿ ಕೆಲವು ತಿಂಗಳು, ಕಾಫಿಯಲ್ಲಿ ಬಿತ್ತಿದಂದಿನಿಂದ ಮೊದಲ ಹಣ್ಣಿಗೇ ಮೂರು ನಾಲ್ಕು ವರ್ಷ. ಆರು ಪೀಳಿಗೆ ದಾಟುವುದರಲ್ಲಿ ಒಬ್ಬ ವಿಜ್ಞಾನಿಯ ನೌಕರಿಯ ಬಹುಭಾಗ ಮುಗಿದಿರುತ್ತದೆ. ಹಳೆಯ ತಳಿ ಸಂಶೋಧಕರ ತಾಳ್ಮೆಯನ್ನು ನೆನೆದರೆ ನನಗೆ ಈಗಲೂ ಗೌರವದಿಂದ ಮಾತು ನಿಲ್ಲುತ್ತದೆ.

ಎರಡನೆಯ ಸ್ವಭಾವ ಬಡತನ. ಒಂದೇ ಕೂಡಿಕೆಯಿಂದ ಹುಟ್ಟಿದ ಪ್ರಭೇದದಲ್ಲಿ ವಂಶವಾಹಿಗಳ ವೈವಿಧ್ಯ ಮೊದಲೇ ಕಡಿಮೆ. ಇಥಿಯೋಪಿಯದ ಕಾಡಿನಿಂದ ಯೆಮನ್‌ಗೆ ಹೋದದ್ದು ಅದರಲ್ಲೊಂದು ಚೂರು. ಯೆಮನ್‌ನಿಂದ ಹೊರಬಂದದ್ದು ಅದಕ್ಕಿಂತ ಚಿಕ್ಕ ಚೂರು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿಯಲ್ಲಿ ಸಂಖ್ಯೆ ಏಳೇ ಆಗಿರಲಿ ಎಪ್ಪತ್ತೇ ಆಗಿರಲಿ, ವಂಶವಾಹಿಗಳ ಲೆಕ್ಕದಲ್ಲಿ ಅದು ಒಂದು ಹಿಡಿಯೇ. 1690ರ ದಶಕದಲ್ಲಿ ಡಚ್ಚರು ಮಲಬಾರಿನಿಂದ ಜಾವಾಕ್ಕೆ ಗಿಡ ಒಯ್ದರು. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡಾಂಗೆ, ಅಲ್ಲಿಂದ 1714ರಲ್ಲಿ ಪ್ಯಾರಿಸ್‌ಗೆ, ಅಲ್ಲಿಂದ ಕೆರಿಬಿಯನ್ ದ್ವೀಪಗಳಿಗೆ ಬೆರಳೆಣಿಕೆಯ ಗಿಡಗಳು ಹೋದವು, ಅಮೆರಿಕ ಖಂಡದ ಟಿಪಿಕಾ ಎಂಬ ಅರೇಬಿಕಾ ತಳಿ ಬಹುಪಾಲು ಅವುಗಳ ಸಂತಾನ. ಇಲ್ಲಿ ಯಾರೂ ಗುಣ ನೋಡಿ ಆರಿಸಲಿಲ್ಲ. ಹಡಗಿನಲ್ಲಿ ಬದುಕುಳಿದ ಗಿಡವೇ ಆಯ್ಕೆಯಾಯಿತು, ಉಳಿದ ವೈವಿಧ್ಯ ಹಿಂದೆಯೇ ಉಳಿಯಿತು.

ಉದ್ದೇಶವಿಲ್ಲದ ಆಯ್ಕೆಯ ಬಲ ಎಷ್ಟು ಎಂಬುದಕ್ಕೆ ನಮ್ಮ ಮನೆಯಂಗಳದಲ್ಲೇ ಒಂದು ಸಾಕ್ಷಿಯಿದೆ. ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ರಾತ್ರಿ ‘ಪೊಲಿ ಪೊಲಿ ದೇವಾ’ ಎನ್ನುತ್ತ ಗದ್ದೆಯಲ್ಲಿ ಕೊಯ್ದ ಕದಿರನ್ನು ಮನೆಯವರೆಗೆ ಹೊತ್ತು ತರುವಾಗ ಕಾಳು ತೆನೆಯಲ್ಲೇ ಇರುತ್ತದೆ. ಕಾಡುಭತ್ತದಲ್ಲಿ ಹಾಗಲ್ಲ, ಮಾಗಿದ ಕಾಳು ಮುಟ್ಟಿದರೆ ಉದುರಿ ನೆಲ ಸೇರುತ್ತದೆ, ಅದು ಆ ಗಿಡದ ಬದುಕಿಗೆ ಬೇಕಾದದ್ದೂ ಹೌದು. ಕೊಯ್ದು ಹೊತ್ತು ತಂದು ಮತ್ತೆ ಬಿತ್ತಿದ ಜನರ ಕೈಗೆ ಸಿಕ್ಕಿದ್ದು ಉದುರದೆ ಉಳಿದ ಕಾಳು, ಮುಂದಿನ ವರ್ಷ ಬಿತ್ತನೆಯಾದದ್ದೂ ಅದೇ. ಸಾವಿರಾರು ವರ್ಷ ಹೀಗೆ ನಡೆದಾಗ ಎಸ್‌ಎಚ್4 ಎಂಬ ವಂಶವಾಹಿಯ ಉದುರದ ರೂಪ ನಾಟಿ ಭತ್ತದಲ್ಲೆಲ್ಲ ನೆಲೆನಿಂತಿತು. ಆ ರೂಪಕ್ಕೂ ಕಾಡಿನ ರೂಪಕ್ಕೂ ಇರುವ ಮುಖ್ಯ ವ್ಯತ್ಯಾಸ ಡಿಎನ್‌ಎಯ ಒಂದೇ ಒಂದು ಅಕ್ಷರ ಎಂದು 2006ರಲ್ಲಿ ತಿಳಿದುಬಂತು. ಕಾಫಿಗೆ ಅಂತಹ ದೀರ್ಘ ಕಾಲ ಸಿಕ್ಕಿಲ್ಲ. ನಮ್ಮ ತೋಟದ ಗಿಡ ಕಾಡಿನ ಗಿಡದಿಂದ ತೀರ ದೂರ ಬಂದದ್ದೂ ಅಲ್ಲ.

ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ತೋಟ 1854ರಲ್ಲಿ ಮಡಿಕೇರಿಯ ಬಳಿ ಎದ್ದಿತು. ಆಗ ದಕ್ಷಿಣ ಭಾರತದಲ್ಲಿ ಇದ್ದದ್ದು ಚಿಕ್ಕಮಗಳೂರಿನ ಹೆಸರಿನ ‘ಚಿಕ್’ ಎಂಬ ಹಳೆಯ ಅರೇಬಿಕಾ. ಅದು ರೋಗ ಮತ್ತು ಕಾಂಡಕೊರಕ ಹುಳುವಿಗೆ ಬಲಿಯಾದಾಗ ತೋಟಗಾರರು ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ‘ಕೂರ್ಗ್’ ತಳಿಯತ್ತ ತಿರುಗಿದರು. ಕೆಲಕಾಲದ ನಂತರ ಅದೂ ಸೋತಿತು. ಎರಡನ್ನೂ ನೆಲಕ್ಕೆ ತಂದ ಮುಖ್ಯ ಶತ್ರು, 1869ರಲ್ಲಿ ಸಿಲೋನಿನಲ್ಲಿ ಗುರುತಿಸಲಾದ ಎಲೆತುಕ್ಕು ಶಿಲೀಂಧ್ರ.

ಮಳೆಗಾಲ ಕಳೆದ ಮೇಲೆ ಅರೇಬಿಕಾದ ಒಂದು ಎಲೆಯನ್ನು ಮಗುಚಿ ನೋಡಿ. ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಮೆತ್ತಿದ ಗುಂಡು ಮಚ್ಚೆಗಳು. ಬೆರಳು ಒರೆಸಿದರೆ ಅರಿಶಿನದ ಹಾಗೆ ಅಂಟುತ್ತದೆ. ಪ್ರತಿ ಮಚ್ಚೆಯಲ್ಲಿ ಸಾವಿರಗಟ್ಟಲೆ ಬೀಜಕಣಗಳಿರುತ್ತವೆ. ನೀರಿನ ತೇವ ಸಿಕ್ಕರೆ ಕಣ ಮೊಳೆತು, ಎಲೆಯಡಿಯ ರಂಧ್ರದ ಮೂಲಕ ಒಳನುಗ್ಗಿ, ಜೀವಂತ ಕೋಶಕ್ಕೆ ಬಾಯಿ ಹಚ್ಚಿ ಉಣ್ಣುತ್ತದೆ. ಜೀವಂತ ಕೋಶವಿಲ್ಲದೆ ಈ ಶಿಲೀಂಧ್ರಕ್ಕೆ ಬದುಕಿಲ್ಲ. ಗಿಡದ ರಕ್ಷಣೆ ನಿಂತಿರುವುದು ಇದರ ಮೇಲೆಯೇ: ನಿರೋಧಕ ವಂಶವಾಹಿಯುಳ್ಳ ಗಿಡದ ಕೋಶ ಶಿಲೀಂಧ್ರದ ಒಂದು ನಿರ್ದಿಷ್ಟ ಪ್ರೋಟೀನನ್ನು ಗುರುತಿಸಿದೊಡನೆ ತಾನೇ ಸಾಯುತ್ತದೆ, ಒಳಬಂದದ್ದು ಉಪವಾಸ ಬೀಳುತ್ತದೆ. ಆದರೆ ಕೋಟಿಗಟ್ಟಲೆ ಕಣಗಳಲ್ಲಿ ಎಲ್ಲೋ ಒಂದರಲ್ಲಿ ಆ ಪ್ರೋಟೀನು ಬದಲಾಗಿದ್ದರೆ ಅಥವಾ ಇಲ್ಲದೇ ಹೋಗಿದ್ದರೆ, ಗಿಡಕ್ಕೆ ಅದರ ಗುರುತು ಸಿಗುವುದಿಲ್ಲ. ನಾವು ತಳಿಯನ್ನು ಆರಿಸಿದ ಹಾಗೆ ಆ ತಳಿ ಶಿಲೀಂಧ್ರವನ್ನು ಆರಿಸುತ್ತದೆ. ಒಂದೇ ನಿರೋಧಕ ವಂಶವಾಹಿಯನ್ನು ಸಾವಿರಾರು ಎಕರೆಯಲ್ಲಿ ನೆಟ್ಟರೆ, ಅದನ್ನು ತಪ್ಪಿಸಿಕೊಳ್ಳಬಲ್ಲ ಕಣದ ಹೊರತು ಬೇರೆ ಯಾವುದಕ್ಕೂ ಊಟವಿರುವುದಿಲ್ಲ.

1911ರಲ್ಲಿ ಚಿಕ್ಕಮಗಳೂರು ಸೀಮೆಯ ತೋಟಗಾರ ಎಲ್.ಪಿ. ಕೆಂಟ್ ತುಕ್ಕು ತಗಲದ ಒಂದು ಗಿಡವನ್ನು ಕಂಡು ಅದರ ಬೀಜವನ್ನು ಬೆಳೆಸಿದರು. ಅರೇಬಿಕಾ ಸ್ವಂತ ಪರಾಗದಿಂದ ಕಾಯಿ ಕಟ್ಟುವುದರಿಂದ ಗುಣ ಹಾಗೆಯೇ ಮುಂದುವರಿಯಿತು, ‘ಕೆಂಟ್ಸ್’ ತಳಿ ಹಬ್ಬಿತು. ಈಗ ಎಸ್‌ಎಚ್2 ಎಂದು ಕರೆಯುವ ನಿರೋಧಕ ವಂಶವಾಹಿ ಅದರಲ್ಲಿತ್ತು (ಭತ್ತದ ಎಸ್‌ಎಚ್4ಕ್ಕೂ ಇದಕ್ಕೂ ಸಂಬಂಧವಿಲ್ಲ). ಕೆಲವು ವರ್ಷಗಳಲ್ಲಿ ಆ ಗಿಡಗಳಿಗೂ ತುಕ್ಕು ಬಂತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರದಲ್ಲಿ ಡಬ್ಲ್ಯೂ.ಡಬ್ಲ್ಯೂ. ಮೇನ್ ಅವರು 1930ರ ದಶಕದಲ್ಲಿ ತೋರಿಸಿಕೊಟ್ಟದ್ದೇನೆಂದರೆ, ತುಕ್ಕು ಶಿಲೀಂಧ್ರದಲ್ಲೇ ಬೇರೆ ಬೇರೆ ಪಂಗಡಗಳಿವೆ, ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ತುತ್ತಾಗಬಲ್ಲದು. ಜಗತ್ತಿನಲ್ಲೇ ಈ ಶಿಲೀಂಧ್ರದ ಮಟ್ಟಿಗೆ ಇದು ಮೊದಲ ಕಾಣ್ಕೆ, ನಮ್ಮ ಮಲೆನಾಡಿನಲ್ಲಿ ಆದದ್ದು. ಇಂದು ಗುರುತಿಸಲಾದ ಪಂಗಡಗಳ ಸಂಖ್ಯೆ 50 ದಾಟಿದೆ.

ಅರೇಬಿಕಾದ ಬಡ ಬುಟ್ಟಿಯಲ್ಲಿ ಹೆಚ್ಚಿನ ನಿರೋಧಕ ವಂಶವಾಹಿಗಳಿರಲಿಲ್ಲ, ಬೇರೆ ಪ್ರಭೇದಗಳಿಂದ ತರಬೇಕಿತ್ತು. ಇಲ್ಲಿ ಲೆಕ್ಕ ಅಡ್ಡ ನಿಲ್ಲುತ್ತದೆ. ಅರೇಬಿಕಾದ ಅಂಡದಲ್ಲಿ 22 ವರ್ಣತಂತು, ರೊಬಸ್ಟಾ ಅಥವಾ ಲೈಬೀರಿಕಾ ಎಂಬ ಇನ್ನೊಂದು ಕಾಫಿ ಪ್ರಭೇದದ ಪರಾಗದಲ್ಲಿ 11, ಕೂಡಿದರೆ 33. ಪರಾಗ, ಅಂಡಗಳನ್ನು ಮಾಡುವಾಗ ವರ್ಣತಂತುಗಳು ಜೋಡಿಯಾಗಿ ನಿಂತು ಬೇರ್ಪಡಬೇಕು. 33ರಲ್ಲಿ ಜೋಡಿ ಕೂಡದೆ ಗಿಡ ಬಹುತೇಕ ಬಂಜೆಯಾಗುತ್ತದೆ. ತೀರ ಅಪರೂಪಕ್ಕೆ ಅರ್ಧವಾಗದೆ ಉಳಿದ 22 ವರ್ಣತಂತುಗಳ ಪರಾಗ ಬಂದು ಸೇರಿದರೆ ಮಾತ್ರ 44ರ ಫಲವಂತ ಗಿಡ ಹುಟ್ಟುತ್ತದೆ. ಇಂತಹ ಅಪರೂಪಗಳು ತೋಟಗಳಲ್ಲಿ ತಾವಾಗಿಯೇ ಸಂಭವಿಸಿವೆ. ಅರೇಬಿಕಾ ಮತ್ತು ಲೈಬೀರಿಕಾದ ಸಹಜ ಸಂಕರವೆನ್ನಲಾದ ಎಸ್.26, ದಕ್ಷಿಣ ಕೊಡಗಿನ ಕಾಡೊಂದರ ಹೆಸರನ್ನೇ ಹೊತ್ತ ರೊಬಸ್ಟಾ–ಅರೇಬಿಕಾ ಸಂಕರ ದೇವಮಚ್ಚಿ, 1920ರ ದಶಕದಲ್ಲಿ ಟಿಮೋರ್ ದ್ವೀಪದಲ್ಲಿ ಕಂಡ ಹಿಬ್ರಿಡೊ ಡಿ ಟಿಮೋರ್, ಇವೆಲ್ಲ ಗಮನವಿಟ್ಟು ನೋಡಿದವರ ಕಣ್ಣಿಗೆ ಬಿದ್ದ ಗಿಡಗಳು.

ಎಸ್.26ರ ಸಂತತಿಯಿಂದ ಎಸ್.288 ಬಂತು. ಲೈಬೀರಿಕಾದ ಎಸ್‌ಎಚ್3 ಎಂಬ ಬಲವಾದ ನಿರೋಧಕ ವಂಶವಾಹಿ ಅದರಲ್ಲಿತ್ತು, ಜೊತೆಗೆ ಕಾಳಿನ ದೋಷಗಳೂ ಇದ್ದವು. ಬೇಕಾದ ವಂಶವಾಹಿಯೊಂದು ಒಂಟಿಯಾಗಿ ಬರುವುದಿಲ್ಲ, ವರ್ಣತಂತುವಿನ ಮೇಲೆ ತನ್ನ ನೆರೆಹೊರೆಯವರನ್ನೆಲ್ಲ ಎಳೆದುಕೊಂಡೇ ಬರುತ್ತದೆ. ಒಳ್ಳೆಯ ತಳಿಗೆ ಮತ್ತೆ ಮತ್ತೆ ಕೂಡಿಸಿದರೆ ಹೊರಗಿನ ಪ್ರಭೇದದ ಒಟ್ಟು ಪಾಲು ಸರಾಸರಿ ಅರ್ಧದಿಂದ ಕಾಲಕ್ಕೆ, ಕಾಲದಿಂದ ಅರೆಕಾಲಕ್ಕೆ ಇಳಿಯುತ್ತದೆ, ಆದರೆ ನಾವು ಆರಿಸುತ್ತಿರುವ ವಂಶವಾಹಿಯ ಅಕ್ಕಪಕ್ಕದ ತುಂಡು ಅಷ್ಟು ಸುಲಭಕ್ಕೆ ಕಳಚುವುದಿಲ್ಲ. ಎಸ್.288ನ್ನು ಒಳ್ಳೆಯ ಕಾಳಿನ ಕೆಂಟ್ಸ್ ಜೊತೆ ಕೂಡಿಸಿ, ಪೀಳಿಗೆಗಳ ಆಯ್ಕೆಯ ನಂತರ 1940ರ ದಶಕದಲ್ಲಿ ಹೊರಬಂದ ಎಸ್.795ರಲ್ಲಿ ಎಸ್‌ಎಚ್2 ಮತ್ತು ಎಸ್‌ಎಚ್3 ಎರಡೂ ಸೇರಿದವು. ನನ್ನ ಮಾತು ಕೇಳುವುದಾದರೆ, ಭಾರತದ ಕಾಫಿಯಲ್ಲಿ ಇದರಷ್ಟು ಸಮತೂಕದ ಕೆಲಸ ಮತ್ತೊಂದಿಲ್ಲ: ದಶಕಗಳ ಕಾಲ ತುಕ್ಕನ್ನು ತಡೆದು, ಆಮೇಲೆ ಹೊಸ ಪಂಗಡಗಳಿಗೆ ಸೋತರೂ, ರುಚಿ ಮತ್ತು ಹೊಂದಿಕೊಳ್ಳುವ ಗುಣದಿಂದ ಅದು ಈಗಲೂ ತೋಟಗಳಲ್ಲಿ ಉಳಿದಿದೆ.

ಟಿಮೋರಿನ ಸಂಕರ ರೊಬಸ್ಟಾದಿಂದ ಎಸ್‌ಎಚ್6ರಿಂದ ಎಸ್‌ಎಚ್9ರವರೆಗಿನ ವಂಶವಾಹಿಗಳನ್ನು ಹೊತ್ತು ತಂದಿತ್ತು. ಪೋರ್ಚುಗಲ್‌ನ ಓಯ್ರಾಸ್‌ನಲ್ಲಿರುವ ತುಕ್ಕುರೋಗ ಸಂಶೋಧನಾ ಕೇಂದ್ರದಲ್ಲಿ ಅದನ್ನು ಬ್ರೆಜಿಲ್‌ನ ಗಿಡ್ಡ ತಳಿ ಕಟುರಾದೊಂದಿಗೆ ಕೂಡಿಸಿದರು. ಕಟುರಾದ ಗಿಡ್ಡತನ ಒಂದೇ ಪ್ರಬಲ ವಂಶವಾಹಿಯಿಂದ ಬಂದದ್ದು; ಗೆಣ್ಣುಗಳ ನಡುವಿನ ಅಂತರ ಕುಗ್ಗುವುದರಿಂದ ಎಕರೆಗೆ ಹೆಚ್ಚು ಗಿಡ ಹಿಡಿಸುತ್ತದೆ. ಈ ಕ್ಯಾಟಿಮೋರ್ ವಂಶದಿಂದ ಆರಿಸಿದ ನಮ್ಮ ತಳಿಗೆ ಕಾವೇರಿ ಎಂದು ಹೆಸರಿಟ್ಟಾಗ ಕೊಡಗಿನವರಿಗೆ ಅದು ಮನೆಮಗಳೇ ಅನ್ನಿಸಿತು. ಬೇಗ ಫಲಕ್ಕೆ ಬಂತು, ಮೈತುಂಬ ಕಾಯಿ ಹಿಡಿಯಿತು. ಆದರೆ ಗಿಡ ತನ್ನ ಶಕ್ತಿಯನ್ನೆಲ್ಲ ಹಣ್ಣಿಗೆ ಸುರಿಯುವಂತೆ ಆರಿಸಿದ ಮೇಲೆ, ಗೊಬ್ಬರ ನೆರಳುಗಳಲ್ಲಿ ಸ್ವಲ್ಪ ಕೊರತೆಯಾದರೂ ರೆಕ್ಕೆಗಳು ತುದಿಯಿಂದ ಒಣಗತೊಡಗುತ್ತವೆ. ಹಣ್ಣಿನ ಆಯ್ಕೆಯಲ್ಲಿ ಬೇರು, ಎಲೆಗಳ ಪಾಲು ಕಡಿಮೆಯಾದುದನ್ನು ಯಾರೂ ಬೇಕೆಂದು ಆರಿಸಿರಲಿಲ್ಲ. ಕಾಲಕ್ರಮದಲ್ಲಿ ಅದರ ತುಕ್ಕು ನಿರೋಧವೂ ಸಡಿಲವಾಯಿತು. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯ ಒಂದು ಕಡೆ ವಿಲ್ಲಾ ಸಾರ್ಚಿ ಎಂಬ ಗಿಡ್ಡ ತಳಿ, ಇನ್ನೊಂದು ಕಡೆ ಅದೇ ಟಿಮೋರ್ ಸಂಕರವಿದೆ.

ಎರಡು ಮೂರು ನಿರೋಧಕ ವಂಶವಾಹಿಗಳನ್ನು ಒಂದೇ ಗಿಡದಲ್ಲಿ ಸೇರಿಸುವಾಗ ಹಳೆಯ ವಿಧಾನಕ್ಕೆ ಒಂದು ಮಿತಿ ಬರುತ್ತದೆ. ಒಂದು ವಂಶವಾಹಿ ತುಕ್ಕನ್ನು ತಡೆಯುತ್ತಿದ್ದರೆ ಎಲೆ ಸ್ವಚ್ಛವಾಗಿರುತ್ತದೆ, ಎರಡು ಇದ್ದರೂ ಸ್ವಚ್ಛವೇ. ಕಣ್ಣಿಗೆ ವ್ಯತ್ಯಾಸ ತಿಳಿಯದು. ಇಲ್ಲಿ ನೆರವಿಗೆ ಬರುವುದು ಡಿಎನ್‌ಎ ಗುರುತುಗಳು. ಎಸ್‌ಎಚ್3ರ ಪಕ್ಕದಲ್ಲಿರುವ ಗುರುತುಗಳು ತಿಳಿದಿರುವುದರಿಂದ, ಸಸಿ ಬುಟ್ಟಿಯಲ್ಲಿರುವಾಗಲೇ ಒಂದು ಎಲೆಯ ಚೂರು ತೆಗೆದು ಅದರಲ್ಲಿ ಆ ವಂಶವಾಹಿ ಇದೆಯೇ ಎಂದು ನೋಡಬಹುದು. ನಾಲ್ಕು ವರ್ಷ ಕಾಯುವ ಅಗತ್ಯವಿಲ್ಲ. ಆರಿಸುವ ಕೆಲಸ ಅದೇ, ನೋಡುವ ಜಾಗ ಮಾತ್ರ ಬೇರೆ.

ಬಿಳಿ ಕಾಂಡಕೊರಕದ ವಿಷಯದಲ್ಲಿ ನಾವು ಇನ್ನೂ ದುಃಖದಲ್ಲೇ ಇದ್ದೇವೆ. ಬಿಸಿಲು ಬಿದ್ದ ಅರೇಬಿಕಾ ಕಾಂಡದ ತೊಗಟೆಯ ಸಂದಿನಲ್ಲಿ ದುಂಬಿ ಮೊಟ್ಟೆಯಿಟ್ಟು, ಹುಳು ಒಳಗೊಳಗೇ ಸುರಂಗ ಕೊರೆದು, ಎಲೆ ಹಳದಿಯಾಗುವ ಹೊತ್ತಿಗೆ ಗಿಡ ಮುಗಿದಿರುತ್ತದೆ. ಕಿತ್ತು ಸುಡುವುದೊಂದೇ ದಾರಿ. ತುಕ್ಕಿಗೆ ಸಿಕ್ಕ ಹಾಗೆ ಇದಕ್ಕೆ ಅರೇಬಿಕಾದ ಗುಂಪಿನಲ್ಲಿ ಆರಿಸಿಕೊಳ್ಳಲು ಒಂದು ಗಟ್ಟಿ ನಿರೋಧಕ ವಂಶವಾಹಿ ಸಿಕ್ಕಿಲ್ಲ. ರೊಬಸ್ಟಾದಲ್ಲಿ ಈ ಹುಳು ನಿಲ್ಲುವುದಿಲ್ಲ. ಕೊಡಗಿನ ಎಷ್ಟೋ ಅರೇಬಿಕಾ ತೋಟಗಳು ರೊಬಸ್ಟಾ ತೋಟಗಳಾಗಿ ಬದಲಾದುದಕ್ಕೆ ಇದು ಒಂದು ದೊಡ್ಡ ಕಾರಣ. ಇಥಿಯೋಪಿಯದಿಂದ ತಂದ ಅರೇಬಿಕಾ ಮೂಲಗಳನ್ನು ನಮ್ಮ ಕೇಂದ್ರಗಳು ಉಳಿಸಿಕೊಂಡಿರುವುದರ, ಅವುಗಳಲ್ಲೊಂದಾದ ತಫಾರಿಕೆಲಾವನ್ನು ಟಿಮೋರ್ ಸಂಕರದ ಜೊತೆ ಕೂಡಿಸಿ ಸೆಲೆಕ್ಷನ್ 9 ಮಾಡಿರುವುದರ ಮಹತ್ವ ಇಂತಹ ಕಡೆ ಗೊತ್ತಾಗುತ್ತದೆ: ಬುಟ್ಟಿಗೆ ಹೊರಗಿನಿಂದ ಏನಾದರೂ ಬೀಳದೆ ಒಳಗಿನಿಂದ ಆರಿಸುವುದಕ್ಕೆ ಉಳಿದಿರುವುದು ಸ್ವಲ್ಪವೇ.

ಬೀಜಕ್ಕೆ ಗಿಡ ಬಿಡುವವರು ಈ ವ್ಯತ್ಯಾಸವನ್ನು ತೋಟದಲ್ಲೇ ಬಳಸಿಕೊಳ್ಳಬಹುದು. ಅರೇಬಿಕಾದಲ್ಲಿ, ನೆಲೆಗೊಂಡ ತಳಿಯ ಪಟ್ಟಿಯಲ್ಲಿ ತುಕ್ಕು ಕಾಣದ, ಜೊಳ್ಳು ಕಾಳು ಕಡಿಮೆಯಿರುವ, ನಾಲ್ಕೈದು ವರ್ಷ ಒಂದೇ ಸಮ ಹಿಡಿದ ಗಿಡಗಳಿಗೆ ಬಣ್ಣ ಬಳಿದು ಗುರುತಿಟ್ಟು ಬೀಜ ತೆಗೆದರೆ ಮಕ್ಕಳು ತಾಯಿಯನ್ನು ಹೋಲುತ್ತವೆ. ಒಂದು ಸಲ ನಾವು ಹೊರಗಿನ ನರ್ಸರಿಯೊಂದರಿಂದ ತಂದ ಗಿಡ್ಡ ತಳಿಯ ಸಸಿಗಳಲ್ಲಿ ಎಂಟಕ್ಕೊಂದರಂತೆ ಎತ್ತರದ ಗಿಡಗಳು ಎದ್ದವು. ಗಿಡ್ಡತನದ ವಂಶವಾಹಿ ಪ್ರಬಲವಾದುದರಿಂದ ಒಂದೇ ಪ್ರತಿ ಇದ್ದ ತಾಯಿಗಿಡವೂ ಗಿಡ್ಡವಾಗಿಯೇ ಕಾಣುತ್ತದೆ, ಬೀಜ ತೆಗೆದವರಿಗೆ ಅದರೊಳಗಿನ ಮಿಶ್ರಣ ತಿಳಿಯುವುದಿಲ್ಲ; ಅಂತಹ ಗಿಡದ ಮಕ್ಕಳಲ್ಲಿ ನಾಲ್ಕಕ್ಕೊಂದು ಎತ್ತರ ಬರುತ್ತದೆ. ಶುದ್ಧ ಮತ್ತು ಮಿಶ್ರ, ಈ ಎರಡು ಬಗೆಯ ತಾಯಿಗಿಡಗಳ ಬೀಜ ಸಮವಾಗಿ ಬೆರೆತಿದ್ದರೆ ಎಂಟಕ್ಕೊಂದು ಬರುವುದು ಲೆಕ್ಕಕ್ಕೆ ಸರಿಹೊಂದುತ್ತದೆ.

ರೊಬಸ್ಟಾದಲ್ಲಿ ಮಾತ್ರ ಬೀಜದ ದಾರಿಯನ್ನು ನಾನು ಬಿಟ್ಟೆ. ತಂದೆಯವರ ಆ ಪಟ್ಟಿಯನ್ನು ಕಡಿಯಲಿಲ್ಲ. ಇಳಿಜಾರಿನ ಬಡ ಮಣ್ಣಿನಲ್ಲಿ, ಯಾವ ಕೊಟ್ಟಿಗೆಯ ನೀರೂ ತಲುಪದ ಕಡೆ, ಆರು ವರ್ಷ ಬಿಡದೆ ತೂಗಿದ ಮೇಲೆ ಮುಂದೆ ನಿಂತ ನಾಲ್ಕು ಗಿಡಗಳನ್ನು ಹುಡುಕಿಕೊಂಡೆ. ಉಳಿದ ಗಿಡಗಳನ್ನು ಕಪಾತು ಮಾಡಿ, ಬುಡದಿಂದ ಎದ್ದ ಚಿಗುರಿಗೆ ಈ ನಾಲ್ಕರ ಕಡ್ಡಿಗಳನ್ನು ಸಾಲಿಗೊಂದರಂತೆ ಬೆರೆಸಿ ಕಸಿ ಕಟ್ಟಿದ್ದೇನೆ. ಕಳೆದ ಹೂಮಳೆಗೆ ಆ ಕಸಿಗಳು ಮೊದಲ ಸಲ ಹೂಬಿಟ್ಟವು. ನಾಲ್ಕೂ ಸಾಲು ಒಂದೇ ಬೆಳಿಗ್ಗೆ ಅರಳಿದ್ದರಿಂದ ಒಂದರ ಪರಾಗ ಇನ್ನೊಂದಕ್ಕೆ ಸಿಕ್ಕಿತು, ಈಗ ಗೆಣ್ಣುಗಳಲ್ಲಿ ಕಾಳುಮೆಣಸಿನಷ್ಟು ಗಾತ್ರದ ಹಸಿರು ಕಾಯಿಗಳಿವೆ.